ಬೇರಿನ ನೆಂಟರು

…ಅಳಬೇಡ ಅಂತ ನಾನೆಲ್ಲಿ ಅಂದೆ ಮೆಂಕಾ? ಅಳು. ನಿನ್ನ ಈರುಳ್ಳಿ ಹೆಚ್ಚೋದೇ ಬೇಡ, ನೋಡಿದ್ರೇ ಕಣ್ಣಲ್ಲಿ ನೀರು. ಏನಿದು, ಈರುಳ್ಳಿ ಜಡೆ ಹೆಣೀತಿದ್ದೀಯೋ, ಕೂಸಿನ ಕೊರಳಿಗೆ ಮಣಿಸರ ಪೋಣಿಸ್ತಿದ್ದೀಯೋ? …ಓ, ನಿನಗೆ ಕೂಸಿಲ್ಲ ಅಲ್ವಾ. ಬಾಯಿಗೆ ಬಂತು, ಬಿಡು.

ಇನ್ನೊಂಚೂರು ಕಾಫಿ ಬಗ್ಗಿಸು. ಈ ಮಳೇಲಿ ನಿನಗೋಸ್ಕರ ಬಂದಿದ್ದೀನಿ, ಮಾರ್ಚಿಯಿಂದ ಮೂಲೇಲಿ ಬಿದ್ದಿದ್ದ ರಬ್ಬರ್ ಬೂಟು ಹುಡುಕಿ ಮೆಟ್ಕೊಂಡು. ಒಳಗೆ ತಂದಿಲ್ಲ ಕಣೇ, ನಿನ್ನ ಸುಣ್ಣ ಬಳಿದ ಮೆಟ್ಟಿಲ ಮೇಲೇ ಬಿಟ್ಟಿದ್ದೀನಿ.

ವಿಷಯ ಏನಪ್ಪಾ ಅಂದ್ರೆ, ಆ ಮೇಲಿನ ಹೊಲ ನನಗೆ ಕೊಟ್ಬಿಡು. ಮಾವ ಸಾಯೋವಾಗ ಸೊಸೆಯರಿಬ್ಬರಿಗೂ ಹಂಚಿದ್ರಲ್ಲ, ನನಗೆ ಕೆಳಗಿನ ದ್ರಾಕ್ಷಿ ತೋಟ, ನಿನಗೆ ಮೇಲಿನ ಈರುಳ್ಳಿ ಹೊಲ. ಆ ಮುದುಕ ಇರೋ ತನಕ ಮೆಂಕಾನ ಈರುಳ್ಳಿ, ಮೆಂಕಾನ ಈರುಳ್ಳಿ ಅಂತ ಹೊಗಳಿದ್ದೇ ಹೊಗಳಿದ್ದು. ಈಗ ಈ ಗೋಲಿಗಳನ್ನ ಯಾರು ಕೊಳ್ತಾರೆ? ಚಳಿಗಾಲಕ್ಕೆ ಏನು ತಿಂತೀಯ? ವಾರಗಿತ್ತಿ ಅಂತ ಕೇಳ್ತಿದ್ದೀನಿ, ಬೇರೆಯವರು ಇಷ್ಟೂ ಕೇಳಲ್ಲ.

ಯಾಕೆ ನಗ್ತೀಯ?

ಹೋದ ವರ್ಷವೂ ಹೀಗೇ ನಕ್ಕಿದ್ದೆ. ಸ್ಕೋಪ್ಯೆ ಪಟ್ಟಣದಿಂದ ಮಣ್ಣು ಪರೀಕ್ಷೆಗೆ ಆ ಓದಿದ ಹುಡುಗಿ ಬಂದಿದ್ಳಲ್ಲ. ಬಳ್ಳಿ ಕಿತ್ತ ಮೇಲೆ ನಾನೂ ಈರುಳ್ಳಿನೇ ಹಾಕಿದ್ದೆ. ಇಬ್ಬರ ಹೊಲದ ಬೇರನ್ನೂ ತೊಳೆದು, ಶಾಯಿ ಬೆರೆಸಿದ ಹುಳಿನೀರಲ್ಲಿ ಕುದಿಸಿ, ಭೂತಗಾಜಿನ ಕೆಳಗಿಟ್ಟು ಊರಿಗೇ ತೋರಿಸಿದ್ಳು. ನಿನ್ನ ಬೇರಿನ ತುಂಬ ನೀಲಿ ನೂಲು. ಬೂಷ್ಟು ಅಂತ ನಾನು ಕೂಗಿದೆ. "ಕೆಟ್ಟ ಬೂಷ್ಟಲ್ಲ ಅಜ್ಜಿ, ಒಳ್ಳೆ ಶಿಲೀಂಧ್ರ, ಇವು ಬೇರಿನ ನೆಂಟರು. ಬೇರಿಗೆ ಎಟುಕದ ಸಾರವನ್ನ ಮಣ್ಣಿಂದ ತಂದು ಕೊಡ್ತವೆ, ಈರುಳ್ಳಿ ಇವಕ್ಕೆ ಸಕ್ಕರೆ ಉಣಿಸುತ್ತೆ" ಅಂದ್ಳು. ಆಮೇಲೆ ನನ್ನದು. ಮುದುಕನ ನೆತ್ತಿಯ ಹಾಗೆ ಬೋಳು. ನನ್ನ ಗಂಡ ಆಯುಷ್ಯಪೂರ್ತಿ ದ್ರಾಕ್ಷಿಗೆ ಹೊಡೆದ ನೀಲಿ ಮೈಲುತುತ್ತ ಮಣ್ಣಲ್ಲೇ ಕೂತಿದೆಯಂತೆ. ತಾಮ್ರ ಅಲ್ವಾ, ತಾನೂ ಹೋಗಲ್ಲ, ನೆಂಟರನ್ನೂ ಬಾಳಿಸಲ್ಲ. ಅದರ ಮೇಲೆ ನಾನು ಸುರಿದ ಗೊಬ್ಬರ ಬೇರೆ. ಹೊಟ್ಟೆ ತುಂಬಿದ ಬೇರು ನೆಂಟರಿಗೆ ಬಾಗಿಲೇ ತೆಗೆಯಲ್ಲವಂತೆ. ಊರೆಲ್ಲ ನಕ್ಕಿತು. ನೀನು ತಲೆವಸ್ತ್ರದ ತುದಿ ಬಾಯಿಗೆ ಮುಚ್ಕೊಂಡು ನಕ್ಕೆ. ನಾನು ನೋಡಿದೆ ಮೆಂಕಾ.

ಈಗೆಲ್ಲಿ ನಿನ್ನ ನೆಂಟರು? ಈ ಸಲ ಆ ಹುಡುಗಿ ಮತ್ತೆ ಬಂದು ನೋಡಿದ್ರೆ ಒಂದು ನೂಲೂ ಸಿಗಲಿಲ್ಲವಂತಲ್ಲ. ನಿನ್ನ ಮಣ್ಣಲ್ಲೂ ತಾಮ್ರ ಅಂದ್ಳಂತೆ. ಎಲ್ಲಿಂದ ಬಂತೋ… ನನ್ನ ಮುಖ ಯಾಕೆ ನೋಡ್ತೀಯ? ದ್ರಾಕ್ಷಿ ಬಳ್ಳಿ ಕಿತ್ತು ಎಷ್ಟು ವರ್ಷ ಆಯ್ತು, ನನ್ನ ಮನೇಲಿ ಮೈಲುತುತ್ತದ ಚೂರೂ ಇಲ್ಲ. ಮಳೆನೀರಲ್ಲಿ ನನ್ನ ಹೊಲದಿಂದ ಹರಿದು ಬಂದಿರ್ಬೇಕು. …ಹುಬ್ಬು ಏರಿಸಬೇಡ. ಕೆಳಗಿನ ನೀರು ಮೇಲೆ ಹತ್ತಲ್ಲ ಅಂತ ನನಗೂ ಗೊತ್ತು. ಮಾತಿಗಂದೆ.

ಎಲ್ಲಿಗೆ ಎದ್ದೆ? ಬಾಗಿಲು ಹಾಕು, ಥಂಡಿ. ಮೆಟ್ಟಿಲ ಮೇಲೆ ಏನು ಅಷ್ಟೊಂದು ನೋಡೋದು? ಕೆಸರು ಕಣೇ, ಒರೆಸಿದ್ರೆ ಹೋಗುತ್ತೆ. …ನೀಲಿಯಾ? ಬೂಟಿನ ಬಣ್ಣ ಬಿಟ್ಟಿರ್ಬೇಕು. ಕರಿ ಬೂಟು ನಿಜ… ಹಾಗಾದ್ರೆ ಶಾಯಿ. ಆ ಹುಡುಗಿ ಎಲ್ಲಾದ್ರೂ ಚೆಲ್ಲಿದ್ದಾಳೆ, ನಾನು ತುಳಿದಿದ್ದೀನಿ. ಮಾರ್ಚಿಯಿಂದ ಬೂಟು ಮೆಟ್ಟೇ ಇಲ್ಲ ಅಂದ್ನಾ? ಅಂದಿರ್ಬೋದು. ಮಾರ್ಚಿಯಲ್ಲಿ ಯಾರು ತಾನೇ ಹೊಲಕ್ಕೆ ಇಳಿಯಲ್ಲ… ನನ್ನ ಹೊಲಕ್ಕೆ. ನನ್ನ ಹೊಲಕ್ಕೆ ಅಂದೆ.

ಬೈಯಿ ಮೆಂಕಾ. ಬೈಯಿ, ಬೈದ್ರೆ ಉತ್ತರ ಕೊಡೋಕೆ ನನಗೆ ಬರುತ್ತೆ.

ಬೂಟು ಯಾಕೆ ಎತ್ಕೊಂಡೆ? ಇಲ್ಲಿ ಕೊಡು, ಮನೆಗೆ ಹೋಗ್ತೀನಿ. ಹೊಲದ ಮಾತು ಬಿಟ್ಟೆ, ನಿನ್ನ ಹೊಲ ನಿನಗೇ ಇರ್ಲಿ. ಕೊಡೇ… ಕಿಟಕಿ ಕಟ್ಟೆ ಮೇಲೆ ಯಾಕೆ ಇಡ್ತಿದ್ದೀಯ? ಬೇಡ. ಆ ನೀಲಿ ಅಡಿಯನ್ನ ಬೀದಿ ಕಡೆ ತಿರುಗಿಸ್ಬೇಡ ಕಣೇ, ಕೈ ಮುಗೀತೀನಿ…

ಈಗ ಚರ್ಚು ಬಿಡೋ ಹೊತ್ತು, ಊರೆಲ್ಲ ಈ ಬೀದೀಲೇ ಬರುತ್ತೆ.