ಮುಷ್ಟಿ ಮುಚ್ಚುವವರಿಲ್ಲದ ಹಾಡು

ಸಭೆಗೆ ನಮಸ್ಕಾರ. ನಮ್ಮ ಹಾಡಿನ ಮೇಡಂ ಅವರ ಯಜಮಾನರಿಗೆ, ಮಗಳಿಗೆ, ಶಾಲೆಯ ಎಲ್ಲರಿಗೆ, ವೇದಿಕೆಯ ಮೇಲಿರುವ ಹೆಡ್‌ಮಾಸ್ಟರಿಗೆ — ಹೌದು ಸರ್, ನಿಮಗೂ — ನಮಸ್ಕಾರ.

ಮೊದಲಿಗೆ ಒಂದು ಐತಿಹಾಸಿಕ ಘೋಷಣೆ. ಈ ಸಭಾಂಗಣದ ಮೂರನೇ ಫ್ಯಾನನ್ನು ನಾನು ಸ್ವಹಸ್ತದಿಂದ ಆರಿಸಿದ್ದೇನೆ. ಸೆಕೆಯಾಗುತ್ತದೆ, ಆಗಲಿ. ಅದು ಕಿರ್ರೋ ಎನ್ನುವಾಗ ಮೇಡಂ ಹಾಡಲು ಬಾಯಿ ತೆರೆದವರಲ್ಲ. “ಅದೂ ಹಾಡುತ್ತೆ ಮೇಷ್ಟ್ರೇ, ಆದ್ರೆ ಪಕ್ಕದವರನ್ನ ಕೇಳಿಸ್ಕೊಳ್ಳಲ್ಲ” ಎನ್ನುತ್ತಿದ್ದರು.

ನಾನು ಲೆಕ್ಕದ ಮೇಷ್ಟ್ರು. ನನ್ನ ಕಂಠದ ಯೋಗ್ಯತೆ ಮಕ್ಕಳಿಗೆಲ್ಲ ಗೊತ್ತು — ನಗಬೇಡಿ, ಇದು ಶೋಕಸಭೆ. ಅಂಥ ನನ್ನನ್ನೂ ಮೇಡಂ ಹಾಡಿಸಿದರು. ‘ಬೆಳಕೇ ಬಾ, ಒಳಗೆ ಬಾ, ಎಲ್ಲರೊಳಗೂ ಕೂಡಿ ಬಾ’ — ಇಷ್ಟೇ ಪ್ರಾರ್ಥನೆ. ಸ್ವರ ಬರೆದ ಹಾಳೆಯಿಲ್ಲ. ಮೊದಲು ಎಲ್ಲರೂ ಒಟ್ಟಿಗೆ, ನಿದ್ದೆಯಲ್ಲೂ ಬಾಯಿಗೆ ಬರುವಷ್ಟು ಸಲ. ಆಮೇಲೆ ಮೂರು ಗುಂಪು. ಒಂದು ಗುಂಪು ‘ಒಳಗೆ’ ಎನ್ನುವ ಹೊತ್ತಿಗೆ ಅದರ ಕೊನೆಯವರು ಮುಂದಿನ ಗುಂಪಿನ ಮೊದಲನೆಯವರ ಹೆಗಲು ಮುಟ್ಟುವರು — ಹೀಗೆ, ಮೆಲ್ಲಗೆ — ಆ ಗುಂಪು ‘ಬೆಳಕೇ’ ಎಂದು ಶುರು. ಒಂದರ ಬೆನ್ನಿಗೆ ಇನ್ನೊಂದು, ಸುತ್ತುತ್ತಲೇ ಇರುವುದು. ಸಾಕೆನಿಸಿದಾಗ ಮೇಡಂ ಮುಷ್ಟಿ ಮುಚ್ಚುವರು. ನಿಶ್ಶಬ್ದ.

“ಒಂದು ಹಾಳೆ ಕೊಟ್ರೆ ನಿಮ್ಮ ಗಂಟೇನು ಹೋಗುತ್ತೆ?” ಎಂದು ಕೇಳಿದ್ದೆ.

“ಹಾಳೆ ನೋಡೋರು ಮುಖ ನೋಡಲ್ಲ ಮೇಷ್ಟ್ರೇ. ಸುಮ್ನೆ ಬಾಯಿ ಬಿಡಿ.”

ಅವರು ಹೋದ ಮೇಲಿನ ಮೊದಲ ಪ್ರಾರ್ಥನೆ ನೆನಪಿದೆಯಲ್ಲ? ಶುರು ಮಾಡುವುದು ಎಲ್ಲರಿಗೂ ಗೊತ್ತು. ನಿಲ್ಲಿಸುವುದನ್ನು ಮಾತ್ರ ಯಾರೂ ಕಲಿತಿಲ್ಲ! ಪೀರಿಯಡ್ಡಿನ ಗಂಟೆ ಹೊಡೆಯಿತು, ಹಾಡು ನಿಲ್ಲಲಿಲ್ಲ. ಹೆಡ್‌ಮಾಸ್ಟರು ಎರಡೂ ಕೈ ಬೀಸಿದರು — ಹೀಗೆ, ಸಾಕು, ಸಾಕು ಎಂದು. ಮಕ್ಕಳು ತಾಳ ಎಂದುಕೊಂಡು ಇನ್ನಷ್ಟು ಏರಿಸಿದರು. ಕೋಪ ನೆತ್ತಿಗೇರಿ ಪಿ.ಟಿ. ಮೇಷ್ಟ್ರ ಹೆಗಲು ಹಿಡಿದು “ನಿಲ್ಸಿ ಇವರನ್ನ!” ಎಂದರು. ಹೆಗಲು ಮುಟ್ಟಿದ ಮೇಲೆ ಕೇಳಬೇಕೇ? ಪಿ.ಟಿ. ಮೇಷ್ಟ್ರು ಕಣ್ಣು ಮುಚ್ಚಿ ‘ಬೆಳಕೇ ಬಾ’ ಎಂದು ಹಚ್ಚಿಕೊಂಡರು.

ಅಂದೇ ಅಪ್ಪಣೆಯಾಯಿತು: ಬರುವ ಸೋಮವಾರದಿಂದ ಮೈಕಿನಲ್ಲಿ ರೆಕಾರ್ಡು, ಮಕ್ಕಳು ತೆಪ್ಪಗೆ ನಿಂತು ಕೇಳಿದರೆ ಸಾಕು. “ಕಲಿಸೋರೇ ಇಲ್ಲ, ಒಂದು ಹಾಳೇನೂ ಬರೆದಿಟ್ಟಿಲ್ಲ. ನಾನೇನ್ರೀ ಮಾಡ್ಲಿ?” ಎಂದರು ಹೆಡ್‌ಮಾಸ್ಟರು.

ಸರ್, ತಾವು ಹಿರಿಯರು. ಗೌರವದಿಂದಲೇ ಹೇಳುತ್ತೇನೆ — ಆಗುವುದಿಲ್ಲ. ಬರೆದಿಟ್ಟಿದ್ದರೆ ನೀವು ಕಪಾಟಿಗೆ ಹಾಕಿ ಬೀಗ ಜಡಿಯಬಹುದಿತ್ತು. ಮೇಡಂ ಅದನ್ನು ಇಷ್ಟು ಜನರ ಬಾಯಲ್ಲಿ ಇಟ್ಟು ಹೋಗಿದ್ದಾರೆ. ಎಷ್ಟು ಬೀಗ ತರುತ್ತೀರಿ? ರೆಕಾರ್ಡಿಗೆ ಹೆಗಲಿಲ್ಲ ಸರ್. ಸೋಮವಾರ ಅದು ಹಾಡಲಿ, ನಾವೂ ಹಾಡುತ್ತೇವೆ. ಯಾರಿಗೆ ಮೊದಲು ಗಂಟಲು ಒಣಗುತ್ತದೋ ನೋಡೋಣ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೇಡಂ ನೆನಪಿಗೆ ಒಂದು ನಿಮಿಷ ಮೌನ. ಅದು ಮುಗಿದ ಮೇಲೆ ಯಾರೂ ಕೂರಬೇಡಿ. ಮಗಳೇ — ಮೊದಲ ಹೆಗಲು ನಿನ್ನದಮ್ಮಾ.

ಸ್ವಿಚ್ಚಿನ ಪಕ್ಕದಲ್ಲಿರುವ ಪಿ.ಟಿ. ಮೇಷ್ಟ್ರೇ, ಒಂದು ಸಣ್ಣ ಉಪಕಾರ. ಹಾಡು ಮುಗಿಯುವವರೆಗೂ ಆ ಮೂರನೇ ಫ್ಯಾನು ಹಾಕಬೇಡಿ.