ಗದ್ದೆಮ್ಮನ ಹಿಡಿ ಸಜ್ಜಿ

...ಬ್ಯಾಡ ಬೇ ಕರೆಮ್ಮ, ನೀರು ಬ್ಯಾಡ. ದಾಹ ಇಲ್ಲ ನನಗ. ಬಿಸಲಾಗ ಬಂದೀರಿ ಅಂತ ಕೇಳಿದೆಲ್ಲ, ಅಷ್ಟ ಸಾಕು. ಚರಿಗಿ ಅಲ್ಲೇ ಇಡು. ಕುಂದ್ರಂಗಿಲ್ಲ, ನಿಂತ ಹೇಳಿ ಹೋಗ್ತೀನಿ... ಯಾಕ ಹಂಗ ನೋಡಾಕತ್ತಿ? ಪಾರ್ವತೆಮ್ಮ ಕೇರಿಗೆ ಬರಬಾರದೇನು?

ನಿನ್ನ ಮಗಳ ಸಲುವಾಗಿ ಬಂದೀನಿ. ಗದ್ದೆಮ್ಮನ್ನ ನಾಳಿಂದ ಸಾಲಿಗೆ ಕಳಸು. ಅಕಿ ಬಿಟ್ಟು ಐದು ದಿನ ಆತು. ನನ್ನ ತಮ್ಮ ಅಂಬಪ್ಪ ನಿನ್ನೆಯಿಂದ ಉಂಡಿಲ್ಲ. "ಅಕ್ಕ, ಕೇರಿಯಿಂದ ಬಂದಾಕಿ ಅಕಿ ಒಬ್ಬಾಕಿ. ಅಕಿನೂ ಬರಲಿಲ್ಲಂದ್ರ ಇದು ಎಲ್ಲಾರ ಸಾಲಿ ಹೆಂಗ ಆಗ್ತೈತಿ? ನಾಳಿಗೆ ಮುಚ್ಚಿ ರಾಯಚೂರಿಗೆ ಹೋಗ್ತೀನಿ" ಅಂತಾನ. ಅವ್ವ ಸತ್ತಾಗ ಅವಗ ಆರು ವರ್ಷ. ನಾನ ಸಾಕೀನಿ. ಅವ ಹೋದ್ರ ನನಗ ಯಾರದಾರ ಹೇಳು?

ಎಷ್ಟು ಕಷ್ಟ ಬಿದ್ದಾನ, ನಿನಗ ಗೊತ್ತಿಲ್ಲೇನು? ಸರಕಾರಿ ಸಾಲಿ ಬ್ಯಾಸಗಿಗೆ ಬೀಗ. ತಗದಾಗರ ಏನೈತಿ, ಬರೇ ಉರ್ದು ಅಲಿಫ್ ಬೇ. ಇವ ಸಿಂಧನೂರ ಕಚೇರಿಗೆ ನಾಕು ಸಲ ನಡದು, ಸಾಲಿ ನಡಸಾಕ ಅಪ್ಪಣಿ, ಅದ ಇಜಾಜತ್, ತಂದ. ಹಳ್ಳದ ದಂಡಿ ಹುಣಸಿ ಗಿಡದ ಕೆಳಗ ಬ್ಯಾಸಗಿ ಸಾಲಿ ಹೂಡಿದ. ಮುಂಜಾನಿಂದ ಸಂಜೀತನಕ ಹಾಡು, ಕೋಲಾಟ, ಕನ್ನಡ ಅಕ್ಷರ, ಮಣ್ಣಿನ ಎತ್ತು. ಗೌಡರ ಮಗ, ನಬೀಸಾಬನ ಮಗಳು, ನಿನ್ನ ಗದ್ದೆಮ್ಮ, ಎಲ್ಲಾರೂ ಒಂದ ಚಾಪಿ ಮ್ಯಾಲ. ಫೀಸು ಅಂದ್ರ ದಿನಾ ಒಂದು ಹಿಡಿ ಕಾಳು, ಮನ್ಯಾಗ ಏನೈತ್ಯೋ ಅದು. ಮಕ್ಕಳು ಸಣ್ಣ ಗಂಟು ಕಟ್ಟಿ ತಂದು ಬೀಸಕಲ್ಲಿನ ಕಡೆ ಇಡ್ತಾವ. ನಾ ಎಲ್ಲಾ ಕೂಡಿಸಿ ಬೀಸಿ, ಒಂದ ಗಡಿಗ್ಯಾಗ ಅಂಬಲಿ ಕಾಸಬೇಕು. ಯಾರ ಹಿಡಿ ಯಾವದಂತ ಗುರುತ ಸಿಗಬಾರದು, ಅದ ಅವನ ಹಟ.

ಅದನ್ನ ಹೊಲಗೆಡಿಸಿದಾಕಿ ಯಾರು? ಗೌಡಸಾನಿ. ಥೂ... ಅಕಿ ಹೆಸರು ತಗಂಡ್ರ ವಾಕರಿಕಿ ಬರ್ತೈತಿ ನನಗ. ಮೈತುಂಬ ಬಂಗಾರ, ಮನಸು ಬಚ್ಚಲ. ನಾ ನೀರಿಗೆ ಹೋದ ಹೊತ್ತು ನೋಡಿ ಬರೂದು, ಮೂಗಿಗೆ ಸೆರಗು ಹಿಡಕೊಂಡು ಗದ್ದೆಮ್ಮನ ಗಂಟು ಬಿಚ್ಚೂದು, ಸಜ್ಜಿ ಎಲ್ಲಾ ಹಳ್ಳದ ಉಸುಕಿಗೆ ಚೆಲ್ಲೂದು. ಕಣ್ಣಾರೆ ನೋಡೀನಿ... ಯಾಕ ನಕ್ಕಿ? ನೀರಿಗೆ ಹೋದಾಕಿ ಹೆಂಗ ನೋಡಿದ್ಲು ಅಂತನಾ? ತಿರುಗಿ ಬರೂಮುಂದ ನೋಡೀನಿ ಬೇ. ತಿರುಗಿ ಬರೂಮುಂದ.

ನಿನ್ನ ಮಗಳೂ ಸಣ್ಣಾಕಿ ಅಲ್ಲ ಬಿಡು. ಎಲ್ಲಾರ ಮುಂದ ಬಟ್ಟಲದಾಗ ಬೊಟ್ಟು ಆಡಿಸಿ, "ಮಾಸ್ತರ್ರ, ಹನ್ನೊಂದು ದಿನ ಆತು, ಅಂಬಲ್ಯಾಗ ಒಂದು ಕರಿ ಚುಕ್ಕಿನೂ ಕಾಣವಲ್ದು. ನನ್ನ ಸಜ್ಜಿ ಎಲ್ಲಿ ಹೋತ್ರಿ?" ಅಂದುಬಿಟ್ಲು. ಮರುದಿನದಿಂದ ಬರೂದ ಬಿಟ್ಲು. ಸಜ್ಜಿ ಬಿದ್ರ ಅಂಬಲ್ಯಾಗ ಕರೆ ಕಾಣತೈತಿ ಅಂತ ನನಗೇನು ಗೊತ್ತು? ನಮ್ಮದು ಬರೇ ಬಿಳಿಜ್ವಾಳದ ಹೊಲ. ನಮ್ಮ ಮನಿ ಹೊಸ್ತಲಾ ಸಜ್ಜಿ ಇವತ್ತಿನತನಕ ದಾಟಿಲ್ಲ.

ನಾ ಅಂಥಾಕಿ ಅಲ್ಲ, ನಿನಗ ಗೊತ್ತೈತಿ. ಸಂಜೀಕ ನಮ್ಮ ಕೊಟಗಿ ಬಳದು ಹೋಗೂಮುಂದ ನಿನಗ ಮದ್ಲು ರೊಟ್ಟಿ ಅಷ್ಟ ಕೊಡ್ತಿದ್ದೆ. ಈ ಬ್ಯಾಸಗ್ಯಾಗ ರೊಟ್ಟಿ ಮ್ಯಾಲ ಒಂದು ಹಿಡಿ ಕಾಳೂ ಹಾಕೀನಿ, ಹೌದಿಲ್ಲ? ನೀನು "ನಿಮ್ಮ ಹೊಟ್ಟಿ ತಣ್ಣಗಿರಲ್ರೀ" ಅಂತ ಕೈ ಮುಗದಿಲ್ಲೇನು?... ಎಲ್ಲಿ ಎದ್ದು ಹೊಂಟಿ?

ಏನದು? ಗದ್ದೆಮ್ಮನ ಗಂಟು... ಬಿಚ್ಚೂದು ಯಾಕ? ಹೂಂ, ಸಜ್ಜಿ. ಕಂಡೀನಿ. ಅದಕ್ಕೇನೀಗ? ಸಜ್ಜಿ ಎಲ್ಲಾರ ಮನ್ಯಾಗೂ ಇರ್ತೈತಿ. ನಾ ಕೊಟ್ಟಿದ್ದೂ ಸಜ್ಜೀನ, ನಮ್ಮ ಹೊಲ...

ನಮ್ಮ ಹೊಲದಾಗ ಬೆಳಿಯಂಗಿಲ್ಲ ಅಂತ ಈಗ ಅಂದೆನಲ್ಲ.

ಅದರಾಗ ಮೂರು ಹುರಳಿಕಾಳು ಅದಾವ. ಒಂದು ಅರ್ಧಾ ಒಡದೈತಿ. ಮದಲನೇ ದಿನ ಗಂಟು ಬಿಚ್ಚಿದಾಗ ಅವನ್ನ ನೋಡಿದ್ದೆ. ಮರುದಿನಾನೂ ಇದ್ದವು. ಅದರ ಮರುದಿನಾನೂ... ಕರೆಮ್ಮ, ಮನ್ಯಾಗ ಬ್ಯಾರೆ ಸಜ್ಜಿ ಇರಲಿಲ್ಲೇನು? ಸಂಜೀಕ ನಾ ಸೆರಗಿಗೆ ಹಾಕಿದ್ದನ್ನ ಮುಂಜಾನೆ ಕಟ್ಟಿ ಕಳಸ್ತಿದ್ದೇನು? ಹನ್ನೊಂದು ದಿನ, ಒಂದ ಹಿಡಿ, ನಿಮ್ಮ ಮನಿಗೂ ನಮ್ಮ ಮನಿಗೂ?

ಹಂಗ ನೋಡಬ್ಯಾಡ. ಬೈದ್ರ ಬೈ.

ಗೌಡಸಾನಿ ಅಲ್ಲ. ಅಕಿ ಆ ಗಿಡದ ಕಡೆ ಬಂದೇ ಇಲ್ಲ. ನಾನ. ಬೀಸಕಲ್ಲು ನನ್ನವ್ವಂದು. ನಿಮ್ಮ ಕಾಳು ಅದಕ್ಕ ಹಾಕಾಕ ಕೈ ಹೋಗಲಿಲ್ಲ. ಚೆಲ್ಲಾಕೂ ಮನಸಾಗಲಿಲ್ಲ, ಅನ್ನ ಅದು. ಅದಕ್ಕ ನಿನ್ನದು ನಿನಗ ಅಂತ... ನೀ ಕೈ ಮುಗದಿ, ನಾ ಮುಗಿಸಿಕೊಂಡೆ. ಥೂ, ನನ್ನ ಜನ್ಮಕ್ಕ. ನನಗ ನಾನ ಹೇಸಿಗಿ ಆಗೀನಿ.

ಈಗ ಮುಷ್ಟಿ ಯಾಕ ಚಾಚಿ? ಸೆರಗು ಒಡ್ಡಂತೀಯಾ? ಒಡ್ತೀನಿ. ನಾಳೆ ನಾನ ಬೀಸ್ತೀನಿ, ಗದ್ದೆಮ್ಮನ ಮುಂದ ಬೀಸ್ತೀನಿ. ಹಾಕು...

ಹಿಂದಕ್ಕ ಸರದೆನಾ? ಇಲ್ಲ ಬೇ... ಬೇಕಂತ ಸರೀಲಿಲ್ಲ. ಕಾಲು ಹಂಗ... ಇನ್ನೊಮ್ಮಿ ಹಾಕು, ಈ ಸಲ ಸರಿಯಂಗಿಲ್ಲ. ಕರೆಮ್ಮ, ಬಾಗಲಾ ಹಾಕಬ್ಯಾಡ. ಅಂಬಪ್ಪಗ ಏನಂತ ಹೇಳ್ಲಿ ನಾನು?

ಕರೆಮ್ಮ... ಆ ಚರಿಗಿ ಕೊಡು. ನೀರು ಕುಡೀತೀನಿ.