ಮೂರು ಜಗ್ಗಿದರೆ ಎಳೀಬೇಕು

ದೀಪ ಬೇಕಾದರೆ ಉರೀಲಿ. ನಾನು ಮಾತ್ರ ಮೆಲ್ಲಗೇ ಹೇಳ್ತೀನಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ, ಶೆಟ್ಟಿಹಳ್ಳಿಯಲ್ಲಿ ನಮ್ಮ ಮನೆಯಿಂದ ಎರಡನೇ ಮನೆಯ ಜೀಶಾನ್‌ಗೆ ಆದದ್ದು. ಅವನ ಎಡಭುಜದ ಹೊಲಿಗೆ ನಾನೇ ನೋಡಿದ್ದೇನೆ.

ಜೀಶಾನ್ ಬೋರ್‌ವೆಲ್‌ಗಳಿಗೆ ಸೆನ್ಸರ್ ಕೂರಿಸುವವನು. ನೆಲದಡಿಯ ಮೋಟರಿನ ಕುತ್ತಿಗೆಗೆ ಬೆರಳುದ್ದದ ಒಂದು ಕೊಳವೆ ಕಟ್ಟಿ ಇಳಿಬಿಡುತ್ತಾನೆ. ನೀರು ಎಷ್ಟಿದೆ, ಮೋಟರು ಎಷ್ಟು ಕಾದಿದೆ ಅಂತ ಅದು ಕರೆಂಟಿನ ಕೇಬಲ್ಲಿನಲ್ಲೇ ಮೇಲಕ್ಕೆ ಸುದ್ದಿ ಕಳಿಸುತ್ತೆ. ಮೇಲೆ ಸ್ಟಾರ್ಟರ್ ಪಕ್ಕದ ಡಬ್ಬಿ "ಟಿಂಕ್" ಅನ್ನುತ್ತೆ, ಜೀಶಾನ್ ಫೋನೂ "ಟಿಂಕ್" ಅನ್ನುತ್ತೆ. ಒಂದು ಸುದ್ದಿಗೆ ಒಂದೇ ಟಿಂಕ್. ಕರೆಂಟಿದ್ದರೆ ಮಾತ್ರ. ಕರೆಂಟು ಹೋಯಿತೋ, ಡಬ್ಬಿ ಸತ್ತ ಹಾಗೆ. ಇದೊಂದು ನೆನಪಿಟ್ಟುಕೊಳ್ಳಿ.

ಅವತ್ತು ಹುಲಿಯೂರುದುರ್ಗದ ಆಚೆ ಒಂದು ತೋಟದಲ್ಲಿ ಕೆಲಸ. ಆ ಕಡೆ ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟು ಕೊಡೋದೇ ರಾತ್ರಿ, ಹಾಗಾಗಿ ಕೆಲಸ ಮುಗಿಯುವಾಗ ಊರಿಗೆ ಊರೇ ಮಲಗಿತ್ತು. ಬೈಕು ಪಂಚರ್. ಟೂಲ್ ಚೀಲ ಹೆಗಲಿಗೇರಿಸಿಕೊಂಡು, ಮನೆ ಸೇರೋಕೆ ಯಾವುದಾದರೂ ಲಾರಿ ಸಿಗಬಹುದು ಅಂತ ಟಾರು ರಸ್ತೆ ಕಡೆ ನಡೆದ. ದಾರಿಯಲ್ಲೊಂದು ಆಲದಮರ. ಮರದ ಕೆಳಗೆ ಬೆಟ್ಟಸ್ವಾಮಿ ಅನ್ನೋ ರೈತನ ಬೋರು... ಹೋದ ತಿಂಗಳು ಜೀಶಾನೇ ಸೆನ್ಸರ್ ಕೂರಿಸಿದ್ದ ಬೋರು. ಅದರ ಮಗ್ಗುಲಲ್ಲೇ, ಯಾವತ್ತೋ ಮಣ್ಣು ತುಂಬಿ ಮುಚ್ಚಿದ ಹಳೇ ಬಾವಿ.

ಮರ ಇನ್ನೂ ದೂರ ಇತ್ತು. ಕರೆಂಟು ಹೋಯಿತು. ಅಷ್ಟು ಹೊತ್ತು ಗುಂಯ್ ಅನ್ನುತ್ತಿದ್ದ ಹೊಲಹೊಲದ ಮೋಟರುಗಳೂ ಒಟ್ಟಿಗೇ ನಿಂತವು.

ಆಗ ಜೇಬಿನಲ್ಲಿ ಫೋನು... ಟಿಂಕ್. ಟಿಂಕ್. ಟಿಂಕ್.

ಒಂದು ಉಸಿರಿನಷ್ಟು ಬಿಡುವು. ಮತ್ತೆ ಮೂರು.

ತೆಗೆದು ನೋಡಿದ. ಬೆಟ್ಟಸ್ವಾಮಿಯ ಬೋರೇ. ನೀರಿನ ಲೆಕ್ಕ ಇಲ್ಲ, ಬಿಸಿಯ ಲೆಕ್ಕ ಇಲ್ಲ. ಬರೀ ಸದ್ದು.

ಆ ವಾರ ಬೆಟ್ಟಸ್ವಾಮಿ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಿದ್ದ. "ಏನ್ಲಾ ಹಾಕ್ಬುಟ್ಟೋಗಿದೀಯ? ರಾತ್ರಿಯೆಲ್ಲ ಮೂರ್ಮೂರು ಬಡ್ಕೊಂತದೆ. ಬಂದ್ ಕಿತ್ತಾಕು. ಇಲ್ಲಾಂದ್ರೆ ನಿನ್ನೇ ಕಿತ್ತಾಕ್ತೀನಿ." ಕೇಬಲ್ ಜಾಯಿಂಟಿಗೆ ನೀರು ಇಳಿದಿರಬೇಕು, ಬರ್ತೀನಿ ಬಿಡಿ ಅಂದಿದ್ದ ಜೀಶಾನ್. ಈ ಕಸುಬಿನವರೆಲ್ಲ ಹಾಗೇ, ಯಾವ ರೋಗ ಹೇಳಿದರೂ ಜಾಯಿಂಟಿನ ಮೇಲೆ ಹಾಕಿ ಕೈ ತೊಳೆದುಕೊಳ್ಳುತ್ತಾರೆ. ಹೋಗಿರಲಿಲ್ಲ.

ಈಗ ಹೋದ. ಹೆದರಿಕೆಗಿಂತ ಅವಮಾನ ಜಾಸ್ತಿ ಇತ್ತು ಅಂತ ಅವನೇ ಹೇಳುತ್ತಾನೆ. ತಾನು ಕೂರಿಸಿದ ಡಬ್ಬಿ ಕರೆಂಟಿಲ್ಲದೆ ಬಡಕೊಳ್ಳೋದು ಅಂದರೇನು?

ಆಲದ ಕೆಳಗೆ ಕಗ್ಗತ್ತಲು. ಕತ್ತಲಲ್ಲಿ ಡಬ್ಬಿ... ಟಿಂಕ್. ಟಿಂಕ್. ಟಿಂಕ್. ಅದರ ಮುಂದೆ ಯಾರೋ ಕುಕ್ಕರುಗಾಲಲ್ಲಿ ಕೂತಿದ್ದರು.

"ಯಾರು?" ಹೆಂಗಸಿನ ದನಿ.

"ನಾನ್ ಕಣಮ್ಮ. ಸೆನ್ಸರ್ ಹಾಕಿದ್ನಲ್ಲ, ಜೀಶಾನ್."

"ಮೆಲ್ಲಗ್ ಮಾತಾಡಪ್ಪ. ಮೈದ್ನ ಎದ್ದಾನು."

ಬೆಟ್ಟಸ್ವಾಮಿಯ ಅತ್ತಿಗೆ, ಕದರಮ್ಮ. ಅವಳ ಗಂಡ ಸಿದ್ದಗಂಗಯ್ಯ ತಮ್ಮನ ಜೊತೆ ಜಗಳ ಆಡಿ ಊರು ಬಿಟ್ಟು ಹೋದ ಅಂತ ಊರೆಲ್ಲ ಹೇಳುತ್ತೆ. ಈ ಮೊಬೈಲು ಗಿಬೈಲು ಬರೋಕ್ಕೂ ಮುಂಚಿನ ಮಾತು. ಬರ್ತಾನೆ ಅಂತ ಅವಳು ದಿನಾ ಕಾಸಗಲ ಕುಂಕುಮ ಇಟ್ಟುಕೊಂಡು ಕಾಯುತ್ತಿದ್ದಳು. ಸತ್ತ ಅನ್ನೋಕೆ ಹೆಣ ಇಲ್ಲ, ಬದುಕಿದ್ದಾನೆ ಅನ್ನೋಕೆ ಸುದ್ದಿ ಇಲ್ಲ. ಆ ಹೆಂಗಸಿನ ಸಂಕಟ ಯಾರಿಗೂ ಬೇಡ.

"ಜಾಯಿಂಟಿಗೆ ನೀರಿಳ್ದಿದೆ ಅಷ್ಟೇ ಕಣಮ್ಮ, ಮನೆಗೋಗಿ."

"ನೀರಲ್ಲ. ಮೂರು ಜಗ್ತಾವ್ನೆ."

"ಯಾರು?"

"ಬಾವಿ ತೋಡೋರ ಮನೆಯೋಳು ಕಣಪ್ಪ ನಾನು. ಕೆಳಗಿರೋನು ಕೂಗಿದ್ರೆ ಮೇಲಕ್ ಕೇಳಾಕಿಲ್ಲ. ಹಗ್ಗನೇ ಅವ್ನ ಬಾಯಿ. ಒಂದು ಜಗ್ಗಿದ್ರೆ ಇಳಿಬುಡು. ಎರಡು ಜಗ್ಗಿದ್ರೆ ನಿಲ್ಸು. ಮೂರು ಜಗ್ಗಿದ್ರೆ... ಬಂಡೆ ಸಿಡಿಸೋ ಮದ್ದಿನ ಬತ್ತಿಗೆ ಬೆಂಕಿ ಇಟ್ಟಿದೀನಿ, ಎಳಿ ಅಂತ. ಆಗ ಯಾರು, ಏನು ಅಂತ ಕೇಳಂಗಿಲ್ಲ. ಹಗೆಯೋನಾದ್ರೂ ಎಳೀಬೇಕು."

ಜೀಶಾನ್ ಚೀಲದಿಂದ ಕಟಿಂಗ್ ಪ್ಲೇಯರ್ ತೆಗೆದು ಡಬ್ಬಿಯ ವೈರನ್ನು ಕತ್ತರಿಸಿದ. ಕಟಕ್.

ಡಬ್ಬಿ ಸುಮ್ಮನಾಯಿತು. ಸದ್ಯ, ಅಂತ ಉಸಿರು ಬಿಟ್ಟ.

ಆಮೇಲೆ ಬೋರಿನ ಬಾಯಿಯಿಂದ... ಕಿರ್‌ರ್. ಕಿರ್‌ರ್. ಕಿರ್‌ರ್.

ಮೋಟರು ಕಳಚಿ ಬೀಳದಿರಲಿ ಅಂತ ಪೈಪಿನ ಜೊತೆಗೇ ಒಂದು ನೀಲಿ ನೈಲಾನ್ ಹಗ್ಗ ಇಳಿಬಿಟ್ಟು ಮೇಲೆ ಕ್ಲಾಂಪಿಗೆ ಬಿಗಿಯುತ್ತಾರೆ. ಆ ಹಗ್ಗ ಸೆಟೆದು ಸಡಿಲವಾಗುತ್ತಿತ್ತು. ಬೋರಿನ ಬಾಯಿಗೆ ಕಟ್ಟಿದ್ದ ಗೋಣಿಚೀಲ ಸೆಟೆದಾಗೆಲ್ಲ ಒಳಕ್ಕೆ ಜಗ್ಗುತ್ತಿತ್ತು. ಮೂರು ಸಲ. ಬಿಡುವು. ಮೂರು ಸಲ.

ಕದರಮ್ಮ ಗೋಣಿಚೀಲ ಕಿತ್ತೆಸೆದು ಎರಡೂ ಕೈಯಲ್ಲಿ ಹಗ್ಗ ಹಿಡಿದಳು. "ಎಳಿಯಪ್ಪ..." ಅಂದಳು. ದನಿ ಅಳುತ್ತಿತ್ತು.

ಜೀಶಾನ್ ಓಡಬೇಕಿತ್ತು. ಓಡಲಿಲ್ಲ. ಅಮ್ಮನ ವಯಸ್ಸಿನ ಹೆಂಗಸು ಒಬ್ಬಳೇ ಎಳೆಯುತ್ತಿದ್ದಾಳೆ, ಹೇಗೆ ಬಿಟ್ಟು ಹೋಗೋದು ಅಂತ ತಾನೂ ಹಿಡಿದ. ಹಗ್ಗ ತಣ್ಣಗಿತ್ತು. ಆ ಕಡೆಯಿಂದಲೂ ಯಾರೋ ಹಿಡಿದಿದ್ದರು... ಮೋಟರಿನ ಭಾರ ಅವನಿಗೆ ಗೊತ್ತು, ಇದು ಅದಲ್ಲ.

ಹಿಂದಿನಿಂದ ಚಪ್ಪಲಿ ಸದ್ದು. ಪಟಪಟಪಟ.

"ಬುಡ್ರೋ ಹಗ್ಗಾನ!"

ಬೆಟ್ಟಸ್ವಾಮಿ. ಬನಿಯನ್ನು, ಚಡ್ಡಿ, ಕೈಯಲ್ಲಿ ಎಳನೀರು ಕೊಚ್ಚುವ ಮಚ್ಚು. ಬಂದವನೇ ಅತ್ತಿಗೆಯ ಪಕ್ಕೆಗೆ ಒದ್ದ. ಅವಳು ಕಲ್ಲುಚಪ್ಪಡಿಗೆ ತಲೆ ಬಡಿದು ಬಿದ್ದಳು. ಜೀಶಾನ್ ತಿರುಗುವಷ್ಟರಲ್ಲಿ ಮಚ್ಚು ಇಳಿದಿತ್ತು. ಪಚ್ ಅಂತ ಅಷ್ಟೇ ಸದ್ದು. ನೋವು ಆಮೇಲೆ ಬಂತು. ಎಡಗೈ ತನ್ನದಲ್ಲ ಅನ್ನೋ ಹಾಗೆ ಜೋತುಬಿತ್ತು, ಅವನೂ ಕುಸಿದ.

"ಅವತ್ತೇ ಕುಯ್ದಿದೀನಿ, ಇವತ್ ಬುಡ್ತೀನಾ?" ಬೆಟ್ಟಸ್ವಾಮಿ ಏದುಸಿರು ಬಿಡುತ್ತ ಅಂದ.

ಕದರಮ್ಮ ತಲೆ ಎತ್ತಿದಳು. ಹಣೆಯಿಂದ ರಕ್ತ ಸೋರುತ್ತಿತ್ತು. "ಏನಂದೆ?"

"ಈ ಹಳೇ ಬಾವಿ ತೋಡ್ವಾಗ ಆಳುಗಳ ಮುಂದೆ ನನ್ ಕಪಾಳಕ್ ಹೊಡ್ದ ನಿನ್ ಗಂಡ. ಮಧ್ಯಾಹ್ನ ಅವ್ರು ಉಣ್ಣಕ್ ಹೋದ್ರು. ಕೆಳಗೆ ಬತ್ತಿ ಹಚ್ಚಿ ಮೂರು ಜಗ್ಗಿದ. ಹಗ್ಗ ನನ್ ಕೈಲಿತ್ತು... ಕುಯ್ದೆ. ಢಂ ಅಂತು. ಮೇಲೆ ಮಣ್ಣು ತುಂಬ್ಸಿದೆ. ಮುಗೀತು."

ಹೇಳಿ, ನೀಲಿ ಹಗ್ಗವನ್ನು ಎಡಗೈಯಲ್ಲಿ ಎತ್ತಿ ಹಿಡಿದು ಮಚ್ಚು ಬೀಸಿದ. ಚಕ್.

ಕುಯ್ದ ಹಗ್ಗ ಒಳಕ್ಕೆ ಬೀಳಬೇಕಲ್ಲವಾ? ಬೀಳಲಿಲ್ಲ. ತುದಿ ಸರ್‌ರ್ ಅಂತ ಅವನ ಎಡ ಮುಂಗೈಗೆ ಸುತ್ತಿಕೊಂಡಿತು. ಮಚ್ಚು ಠಣ್ ಅಂತ ಬಿತ್ತು. ಬೋರಿನ ಬಾಯೊಳಗೆ ಕೈ ಹೋಯಿತು... ಮೊಣಕೈ ಹೋಯಿತು... ಭುಜ ಬಂದು ಬೋರಿನ ಬಾಯಿಯ ಕಬ್ಬಿಣದ ಕೇಸಿಂಗ್ ಪೈಪಿಗೆ ಧಡ್ ಅಂತ ಬಡಿಯಿತು. ಒಳಗೆ ಮೂಳೆ ಲಟಲಟ ಅಂದದ್ದು ಜೀಶಾನ್‌ಗೆ ಕೇಳಿಸಿತು. ಬೆಟ್ಟಸ್ವಾಮಿ ಕಿರುಚಿದ್ದು ಒಂದೇ ಸಲ. ಆಮೇಲೆ ಕೆನ್ನೆ ಕೇಸಿಂಗಿಗೆ ಒತ್ತಿಕೊಂಡು ಬಾಯಿ ತೆರೆದರೂ ದನಿ ಬರಲಿಲ್ಲ.

ಬಲಗೈಯಲ್ಲಿ ಚಪ್ಪಡಿ ಬಡಿದ. ದಪ್. ದಪ್. ದಪ್.

ಜೀಶಾನ್ ಒಳ್ಳೆಯ ಹುಡುಗ, ಇರುವೆ ತುಳಿಯದವನು. ಆ ಹೊತ್ತಿನಲ್ಲಿ ಅವನ ಮನಸ್ಸು ಸಾಯಲಿ ಅಂತು. ಹಾಗಂತ ಅವನೇ ಬಾಯಿಬಿಟ್ಟು ಹೇಳಿದ್ದು.

ಕದರಮ್ಮ ಎದ್ದಳು. ಬಿದ್ದಿದ್ದ ಮಚ್ಚು ಎತ್ತಿಕೊಂಡಳು. ಮೈದುನನ ತಲೆಯ ಹತ್ತಿರ ಹೋಗಿ ನಿಂತಳು. ಅವನ ಕುತ್ತಿಗೆ ಅವಳ ಕಾಲ ಬಳಿಯೇ ಇತ್ತು.

ದಪ್... ದಪ್... ದಪ್.

ಎಷ್ಟು ಹೊತ್ತು ನಿಂತಿದ್ದಳೋ. ಆಲದ ಎಲೆ ಅಲುಗಲಿಲ್ಲ. ಕೊನೆಗೆ ಮಚ್ಚನ್ನು ಕತ್ತಲಿಗೆ ಎಸೆದು, ಬಗ್ಗಿ ಅವನ ಸೊಂಟ ತಬ್ಬಿದಳು.

"ಬಾರಪ್ಪ, ಹಿಡ್ಕೊ. ಮೂರು ಕೊಟ್ಟವ್ನೆ."

"ಅಮ್ಮ... ಇವ್ನ್ನಾ?"

"ಎಳೀಬೇಕು ಕಣೋ."

ಜೀಶಾನ್ ಒಂದೇ ಕೈಯಲ್ಲಿ ಹಿಡಿದ. ಮೇಲಿನಿಂದ ಇವರಿಬ್ಬರು, ಕೆಳಗಿನಿಂದ ಅದು. ಏನೋ ಹರಿಯಿತು, ಹಸಿ ಬಟ್ಟೆ ಹರಿದ ಹಾಗೆ ಪರ್‌ರ್ ಅಂತು. ಮೂವರೂ ಹಿಂದಕ್ಕೆ ಬಿದ್ದರು. ಬೆಟ್ಟಸ್ವಾಮಿಗೆ ಮೊಣಕೈಯಿಂದ ಕೆಳಗೆ ಏನೂ ಇರಲಿಲ್ಲ.

ಕದರಮ್ಮ ಸೆರಗು ಹರಿದು ಅವನ ಮೊಂಡುಗೈ ಬಿಗಿದಳು. ಜೀಶಾನ್ ಭುಜಕ್ಕೂ ಕಟ್ಟಿದಳು. ಆಮೇಲೆ ಬೋರಿನ ಕಡೆ ತಿರುಗಿ ಕೂತು, ಹಣೆಯ ಕುಂಕುಮ ತಾನೇ ಒರೆಸಿಕೊಂಡಳು. ಅಳಲಿಲ್ಲ. ಜೀಶಾನ್ ಅತ್ತ.

ಬೆಟ್ಟಸ್ವಾಮಿ ಸಾಯಲಿಲ್ಲ. ಕುಣಿಗಲ್ ಆಸ್ಪತ್ರೆಯ ಮಂಚದಲ್ಲೇ ಪೊಲೀಸರಿಗೆ ಎಲ್ಲ ಹೇಳಿದ. ಹಳೇ ಬಾವಿ ಅಗೆಸಿದರು. ತಳದ ಬಂಡೆಕಲ್ಲಿನ ನಡುವೆ ಸಿದ್ದಗಂಗಯ್ಯನ ಮೂಳೆ ಸಿಕ್ಕವು. ಕದರಮ್ಮ ಇಷ್ಟು ವರ್ಷದ ಮೇಲೆ ಗಂಡನ ತಿಥಿ ಮಾಡಿದಳು. ಅವಳಿಗೆ ಒಂದು ಲೆಕ್ಕ ಮುಗಿದ ಹಾಗಾಯಿತು.

ಬೋರಿನ ಮೋಟರನ್ನೂ ಎತ್ತಿಸಿದರು. ಜೀಶಾನ್ ಎಡಗೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದ. ಪೈಪು ಬಂತು, ಮೋಟರು ಬಂತು, ಸೆನ್ಸರ್ ಬಂತು. ಜಾಯಿಂಟು ಬಿಚ್ಚಿ ನೋಡಿದ... ಒಳಗೆ ಒಂದು ಹನಿ ನೀರಿಲ್ಲ. ಬೆಟ್ಟಸ್ವಾಮಿಯ ಕೈ ಮಾತ್ರ ಬರಲಿಲ್ಲ. ನೀಲಿ ಹಗ್ಗದ ಕುಯ್ದ ತುದಿಗೆ ಇನ್ನೊಂದು ಹಗ್ಗ ಗಂಟು ಹಾಕಿತ್ತು. ಮಾರುದ್ದದ ಹಳೇ ತೆಂಗಿನ ನಾರಿನ ಹಗ್ಗ. ಅದರ ಆಚೆ ತುದಿಯೂ ಮಚ್ಚಿನಲ್ಲಿ ಕುಯ್ದದ್ದೇ. ಕದರಮ್ಮ ಗಂಟು ನೋಡಿ, "ಸೊಂಟಕ್ ಹಾಕ್ಕೊಳೋ ಗಂಟು. ನಮ್ಮೋರು ಹಾಕಿದ್ದೇ" ಅಂದಳು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಸುಳ್ಳು ಹೇಳಿ ನನಗೇನಾಗಬೇಕು? ಆ ನಾರಿನ ಹಗ್ಗವನ್ನು ಕದರಮ್ಮ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾಳೆ. ಬೇಸಿಗೆಯ ನಡುಮಧ್ಯಾಹ್ನ ಜೀಶಾನ್ ಜೊತೆ ಹೋಗಿ ನಾನೇ ಮುಟ್ಟಿ ನೋಡಿದೆ. ಇನ್ನೂ ಒದ್ದೆಯಾಗಿತ್ತು.